ಪರ್ತ್‌ನ ಕಡಲಗಾಳಿಯಲ್ಲಿ ವಿಂಡ್‌ಸರ್ಫಿಂಗ್: ನಿರಾಳವಾದ ಒಂದು ದಿನಕ್ಕೆ ಸಿದ್ಧತೆ

ಪರ್ತ್‌ಗೆ ಬಂದು ನೆಲೆಸಿದವರ ಕಿವಿಗೆ ಮೊದಲ ಬೇಸಿಗೆಯಲ್ಲೇ ಬೀಳುವ ಹೆಸರು ‘ಫ್ರೀಮ್ಯಾಂಟಲ್ ಡಾಕ್ಟರ್’. ಬೆಳಿಗ್ಗೆಯಿಂದ ಕಾದ ಹೆಂಚಿನಂತಾದ ಊರಿಗೆ ಮಧ್ಯಾಹ್ನ ಫ್ರೀಮ್ಯಾಂಟಲ್ ಬಂದರಿನ ಕಡೆಯಿಂದ ಬಂದು ಸೆಕೆ ಇಳಿಸುವ ಕಡಲಗಾಳಿಗೆ ಇಲ್ಲಿನವರು ಇಟ್ಟ ಹೆಸರದು. ಕ್ರಿಕೆಟ್ ನೋಡುವ ಮನೆಗಳಿಗೆ ಇದು ಹಳೆಯ ಪರಿಚಯ. 2008ರ ಜನವರಿಯಲ್ಲಿ ಅನಿಲ್ ಕುಂಬ್ಳೆ ನಾಯಕತ್ವದ ಭಾರತ ಗೆದ್ದ, ರಾಹುಲ್ ದ್ರಾವಿಡ್ 93 ರನ್ ಹೊಡೆದ ಟೆಸ್ಟ್ ನಡೆದ ವಾಕಾ ಮೈದಾನದ ಮೇಲೂ ಬೀಸುವುದು ಇದೇ ಗಾಳಿ.

ಬೋರ್ಡಿನ ಮೇಲೆ ನಿಂತು, ಕೈಯಲ್ಲಿ ಹಿಡಿದ ಹಾಯಿಯಿಂದ ನೀರಿನ ಮೇಲೆ ಸಾಗುವ ಆಟ ವಿಂಡ್‌ಸರ್ಫಿಂಗ್. ಅದನ್ನು ಕಲಿಯುವವರಿಗೆ ಈ ಗಾಳಿಯೇ ಗುರು. ಹೊತ್ತು ನೋಡದೆ ಇಳಿದರೆ ಇದೇ ಗಾಳಿ ಸುಸ್ತು ಮಾಡಿ ದಡಕ್ಕೆ ಎಸೆಯುತ್ತದೆ. ಹೊಸಬರು ಸಾಮಾನ್ಯವಾಗಿ ಎರಡು ತಪ್ಪು ಹೊತ್ತು ಆರಿಸುತ್ತಾರೆ. ಬೆಳಿಗ್ಗೆ ಸಮುದ್ರ ಕನ್ನಡಿಯಂತಿದೆ ಎಂದು ಎಂಟಕ್ಕೇ ಇಳಿಯುವುದು ಒಂದು, ಕೆಲಸ ಮುಗಿಸಿ ಸಂಜೆ ನಾಲ್ಕಕ್ಕೆ ಡಾಕ್ಟರ್ ಪೂರ್ತಿ ಬಲದಲ್ಲಿರುವಾಗ ಇಳಿಯುವುದು ಇನ್ನೊಂದು. ನಿರಾಳವಾಗಿ ಕಲಿಯುವ ಸಮಯ ಇವೆರಡರ ನಡುವೆ ಇದೆ. ದಿನದ ಉಳಿದ ಕೆಲಸವೆಲ್ಲ ಆ ಒಂದೂವರೆ-ಎರಡು ಗಂಟೆಯ ಸುತ್ತ ಕೂರಬೇಕು.

ಗಾಳಿಯ ಗಡಿಯಾರ

ಪರ್ತ್‌ನ ಕರಾವಳಿ ನಮ್ಮ ಮಲ್ಪೆ, ಕಾರವಾರಗಳ ಹಾಗೇ ಪಡುವಣಕ್ಕೆ ಮುಖ ಮಾಡಿದೆ. ಬೇಸಿಗೆಯ ಬೆಳಿಗ್ಗೆ ಮೂಡಣದಿಂದ, ಅಂದರೆ ನೆಲದಿಂದ ಸಮುದ್ರದ ಕಡೆಗೆ ಗಾಳಿ. ಸೂರ್ಯ ಏರಿ ನೆಲ ಕಾದಂತೆ ನೆಲದ ಮೇಲಿನ ಬಿಸಿಗಾಳಿ ಮೇಲೇಳುತ್ತದೆ, ಆ ಜಾಗಕ್ಕೆ ಸಮುದ್ರದ ತಂಪು ಗಾಳಿ ನುಗ್ಗುತ್ತದೆ. ಇಲ್ಲಿ ಅದು ಬರುವುದು ನೈರುತ್ಯದಿಂದ, ತುಸು ದಕ್ಷಿಣಕ್ಕೆ ವಾಲಿಕೊಂಡು. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ಹೆಚ್ಚಿನ ದಿನ ನಡುಹಗಲು 12ರಿಂದ 3ರ ಒಳಗೆ ಹಾಜರು. ಕಡಲತೀರದಲ್ಲಿ 15ರಿಂದ 20 ನಾಟ್ ಮಾಮೂಲು. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.

ಡಾಕ್ಟರ್ ಯಾವತ್ತು ಬರುತ್ತಾನೆ, ಯಾವತ್ತು ಕೈ ಕೊಡುತ್ತಾನೆ ಎಂಬುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ ಪಶ್ಚಿಮ ಕರಾವಳಿಗುಂಟ ಉತ್ತರ-ದಕ್ಷಿಣವಾಗಿ ಕಡಿಮೆ ಒತ್ತಡದ ಒಂದು ಪಟ್ಟಿ ಚಾಚಿಕೊಂಡಿರುತ್ತದೆ. ಹವಾಮಾನ ವರದಿಯಲ್ಲಿ ಅದನ್ನು ‘ವೆಸ್ಟ್ ಕೋಸ್ಟ್ ಟ್ರಫ್’ ಎನ್ನುತ್ತಾರೆ. ಅದು ಒಳನಾಡಿಗೆ ಸರಿದ ದಿನ ಕಡಲಗಾಳಿ ಬೇಗ, ಜೋರಾಗಿ ಬರುತ್ತದೆ. ಸಮುದ್ರದ ಮೇಲೆಯೇ ಕೂತುಬಿಟ್ಟರೆ ಮೂಡುಗಾಳಿ ದಿನವಿಡೀ ಬೀಸಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಕಡಲಗಾಳಿ ತಡವಾಗುತ್ತದೆ ಇಲ್ಲವೇ ಬರುವುದೇ ಇಲ್ಲ. ಅಂಥ ದಿನ ಹಾಯಿ ಬಿಚ್ಚುವ ಗೋಜಿಗೆ ಹೋಗಬೇಡಿ, ಈಜಿ ಮನೆಗೆ ಬನ್ನಿ.

ಆಸ್ಟ್ರೇಲಿಯಾದ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ನೋಡಿ. ಅಲ್ಲಿ ಕೊಡುವ ವೇಗ ಸರಾಸರಿ. ಬಿರುಬೀಸು ಅದಕ್ಕಿಂತ ಶೇ. 40ರಷ್ಟು ಹೆಚ್ಚಿರಬಹುದು ಎಂದು ಇಲಾಖೆಯೇ ಹೇಳುತ್ತದೆ. ಗಾಳಿಯ ಒತ್ತಡ ವೇಗದ ವರ್ಗದಂತೆ ಏರುವುದರಿಂದ 10 ನಾಟ್ 20 ಆದರೆ ಹಾಯಿಯ ಮೇಲಿನ ಎಳೆತ ನಾಲ್ಕು ಪಟ್ಟು. ಮೊದಲ ಹತ್ತು ಸಲಕ್ಕೆ 7ರಿಂದ 12 ನಾಟ್ ಸಾಕು. ನಾಟ್ ಲೆಕ್ಕ ಗೊತ್ತಾಗದಿದ್ದರೆ ನೀರು ನೋಡಿ. ಸಣ್ಣ ಸುಕ್ಕು ಮಾತ್ರ ಇದ್ದರೆ ಕಲಿಯುವ ಗಾಳಿ. ಅಲ್ಲಲ್ಲಿ ಬಿಳಿ ನೊರೆ ತಲೆಗಳು ಕಾಣತೊಡಗಿದರೆ 12 ದಾಟುತ್ತಿದೆ ಎಂದರ್ಥ. ಎಲ್ಲೆಲ್ಲೂ ಬಿಳಿಯಾದರೆ ಹೊಸಬರು ದಡದಲ್ಲಿರಬೇಕು.

ಡಾಕ್ಟರ್ ಬರುವುದನ್ನು ಮೊದಲೇ ತಿಳಿಯುವ ಉಪಾಯವೊಂದಿದೆ. ಫ್ರೀಮ್ಯಾಂಟಲ್‌ನಿಂದ ಸುಮಾರು 20 ಕಿ.ಮೀ. ಪಡುವಣದಲ್ಲಿ ರಾಟ್‌ನೆಸ್ಟ್ ದ್ವೀಪವಿದೆ, ಅಲ್ಲೊಂದು ಗಾಳಿಮಾಪಕ. ಫೋನಿನಲ್ಲಿ ಅದನ್ನು ನೋಡುತ್ತಿರಿ. ಅಲ್ಲಿ ಗಾಳಿ ನೈರುತ್ಯಕ್ಕೆ ತಿರುಗಿದ ಮೇಲೆ ಸ್ವಾನ್‌ಬೋರ್ನ್ ತೀರದ ಮಾಪಕದಲ್ಲಿ, ಆಮೇಲೆ ಸ್ವಾನ್ ನದಿಯ ಮೇಲೆ. ನದಿಯಲ್ಲಿ ನಿಂತವರಿಗೆ ಬರುವಿಕೆ ಕಣ್ಣಿಗೂ ಕಾಣುತ್ತದೆ. ಮೊದಲು ಮೂಡುಗಾಳಿ ಸತ್ತು ನೀರು ಎಣ್ಣೆ ಸವರಿದಂತೆ ನುಣ್ಣಗಾಗುತ್ತದೆ. ದೂರದಲ್ಲಿ ಲಂಗರು ಹಾಕಿದ ದೋಣಿಗಳು ಒಂದೊಂದಾಗಿ ಮೂತಿ ತಿರುಗಿಸುತ್ತವೆ. ಅವುಗಳ ಆಚೆ ನೀರಿನ ಮೇಲೆ ಕಡುನೀಲಿ ಪಟ್ಟಿಯೊಂದು ಹರಡಿಕೊಂಡು ಹತ್ತಿರವಾಗುತ್ತದೆ. ಅದು ಕಾಲಿನ ಬುಡಕ್ಕೆ ಬರುವಷ್ಟರಲ್ಲಿ ಹಾಯಿ ಸಿದ್ಧವಿರಬೇಕು. ಮೊದಲ ಮುಕ್ಕಾಲು ಗಂಟೆ ಡಾಕ್ಟರ್ ಮೃದು, ನಿಮ್ಮದು ಆ ಹೊತ್ತು.

ಎಲ್ಲಿ ಇಳಿಯಬೇಕು

ಕಾಟಸ್ಲೋ, ಲೇಟನ್ ತೀರಗಳ ಚೆಲುವು ಕರೆಯುತ್ತದೆ, ಆದರೆ ಕಲಿಯಲು ಆ ಜಾಗ ಬೇಡ. ದಡದಲ್ಲೇ ಅಲೆ ಒಡೆಯುತ್ತದೆ. ಹಾಯಿಯ ಕಂಬ, ಅಂದರೆ ಮಾಸ್ಟ್‌ನ ತುದಿ ಮರಳಿಗೆ ಚುಚ್ಚಿ ಮುರಿಯುವುದು ಅಲ್ಲಿಯೇ. ಅದಕ್ಕಿಂತ ದೊಡ್ಡ ಅಪಾಯ ಬೆಳಗಿನ ಮೂಡುಗಾಳಿ. ಅದು ದಡದಿಂದ ಆಚೆಗೆ ತಳ್ಳುವ ಗಾಳಿ. ದಡದ ಬಳಿ ಮರ-ಮನೆಗಳ ಮರೆಯಲ್ಲಿ ಅದು ಮೆಲ್ಲಗೆ ಬೀಸುತ್ತಿದೆ ಅನ್ನಿಸುತ್ತದೆ, ಇನ್ನೂರು ಮೀಟರ್ ಹೋದ ಮೇಲೆ ಬಲ ತೋರಿಸುತ್ತದೆ. ಅಷ್ಟರಲ್ಲಿ ವಾಪಸು ಬರುವ ವಿದ್ಯೆ ಇಲ್ಲದವರ ಮುಂದಿರುವುದು ಹಿಂದೂ ಮಹಾಸಾಗರ.

ನದಿಯಲ್ಲಿ ಹಾಗಲ್ಲ. ಗಾಳಿ ಯಾವ ಕಡೆ ತಳ್ಳಿದರೂ ಕೊನೆಗೊಂದು ದಡ ಸಿಗುತ್ತದೆ. ಸ್ವಾನ್ ನದಿ ಅಗಲವಾಗಿ ಹರಡಿಕೊಂಡ ಭಾಗಕ್ಕೆ ಮೆಲ್ವಿಲ್ ವಾಟರ್ ಎಂದು ಹೆಸರು. ಅದರ ಉತ್ತರ ದಡದಲ್ಲಿ ಕ್ರಾಲಿಯ ಮಟಿಲ್ಡಾ ಬೇ ಮತ್ತು ಪೆಲಿಕನ್ ಪಾಯಿಂಟ್ ಇವೆ. ಹುಲ್ಲುಹಾಸು, ಮರದ ನೆರಳು, ಸೊಂಟದಾಳದ ನೀರು ಎಲ್ಲವೂ ಅಲ್ಲಿ ಸಿಗುತ್ತವೆ. ಪೆಲಿಕನ್ ಪಾಯಿಂಟ್‌ನ ಒಂದು ಭಾಗ ಸಂರಕ್ಷಿತ ಪ್ರದೇಶ. ಭೂಮಿಯ ಉತ್ತರ ತುದಿಯಿಂದ ಸಾವಿರಾರು ಮೈಲಿ ಹಾರಿ ಬಂದ ನೀರುಹಕ್ಕಿಗಳು ಅಲ್ಲಿ ಮೇಯುತ್ತವೆ. ಫಲಕದಲ್ಲಿ ತೋರಿಸಿದ ಗಡಿಯೊಳಗೆ ಹಾಯಿ ಒಯ್ಯಬೇಡಿ. ಹಕ್ಕಿಗಳನ್ನು ಒಂದೇ ಸಲ ಎಬ್ಬಿಸಿದರೂ ಮುಂದಿನ ಪಯಣಕ್ಕೆ ಕೂಡಿಟ್ಟ ಅವುಗಳ ಕಸುವು ವ್ಯರ್ಥವಾಗುತ್ತದೆ.

ಊರಿನಿಂದ ದಕ್ಷಿಣಕ್ಕೆ ಸುಮಾರು 50 ಕಿ.ಮೀ. ಹೋಗುವ ಮನಸ್ಸಿದ್ದರೆ ರಾಕಿಂಗ್‌ಹ್ಯಾಮ್ ಬಳಿಯ ಸೇಫ್ಟಿ ಬೇ ಇನ್ನೂ ಚೆನ್ನ. ಮರಳುದಿಬ್ಬದ ಮರೆಯಲ್ಲಿ ನೀರು ಚಪ್ಪಟೆ, ತಳ ಮರಳು. ದಿಬ್ಬ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ, ಹಾಗಾಗಿ ಆಳ ಎಲ್ಲಿದೆ ಎಂದು ಅಲ್ಲಿ ಹಾಯಿ ಕಟ್ಟುತ್ತಿರುವವರನ್ನು ಕೇಳಿಕೊಳ್ಳಿ.

ಸಾಮಾನು

ಬೋರ್ಡು ದೊಡ್ಡದಿರಬೇಕು. ನಿಮ್ಮ ತೂಕದ ಕಿಲೋಗೆ ನೂರು ಸೇರಿಸಿ, ಅಷ್ಟು ಲೀಟರ್ ಗಾತ್ರದ್ದು ಹುಡುಕಿ. 70 ಕಿಲೋ ಇದ್ದರೆ 170 ಲೀಟರ್ ಅಥವಾ ಹೆಚ್ಚು, ಅಗಲ 75 ಸೆಂ.ಮೀ.ಗಿಂತ ಕಡಿಮೆ ಬೇಡ. ನಡುವೆ ಮೇಲೆ-ಕೆಳಗೆ ಮಾಡಬಹುದಾದ ಡ್ಯಾಗರ್‌ಬೋರ್ಡ್ ಇರಲೇಬೇಕು. ಆ ಹಲಗೆ ನೀರಿಗೆ ಇಳಿದಿದ್ದರೆ ಮಾತ್ರ ಬೋರ್ಡು ಅಡ್ಡಡ್ಡ ಜಾರದೆ ನೇರ ಸಾಗುತ್ತದೆ. ಹಾಯಿ ದೊಡ್ಡವರಿಗೆ 4ರಿಂದ 5.5 ಚದರ ಮೀಟರ್. ಮಕ್ಕಳಿಗೆ 2ರಿಂದ 3. ಬಾಡಿಗೆಗೆ ತೆಗೆದುಕೊಳ್ಳುವಾಗ ದೊಡ್ಡ ಹಾಯಿ ಕೊಡುತ್ತೇವೆಂದರೆ ಬೇಡವೆನ್ನಿ. ಬೆನ್ನು ನೋಯಿಸುವುದು ಅದೇ.

ಹಳೆಯ ಸಾಮಾನು ಕೊಳ್ಳುವವರು ಮೂರು ಕಡೆ ನೋಡಬೇಕು. ಬೋರ್ಡಿನ ಮೇಲೆ, ಮಾಸ್ಟ್ ಕೂರುವ ಜಾಗದ ಸುತ್ತ ಹೆಬ್ಬೆರಳಿನಿಂದ ಒತ್ತಿ. ಮಾಗಿದ ಹಣ್ಣಿನಂತೆ ಮೆತ್ತಗಿದ್ದರೆ ಒಳಗೆ ನೀರು ಹೋಗಿದೆ, ಬಿಟ್ಟುಬಿಡಿ. ಹಾಯಿಯ ಪಾರದರ್ಶಕ ಹಾಳೆ ಹಳದಿಯಾಗಿ, ಮಡಿಸಿದಾಗ ಕರಕರ ಎಂದರೆ ಬಿಸಿಲು ತಿಂದಿದೆ, ಮೊದಲ ಬಿದ್ದಾಟಕ್ಕೇ ಹರಿಯುತ್ತದೆ. ಮಾಸ್ಟ್ ಮತ್ತು ಬೋರ್ಡನ್ನು ಕೂಡಿಸುವ ರಬ್ಬರಿನ ಕೀಲನ್ನು ಬಗ್ಗಿಸಿ ನೋಡಿ. ಬಗ್ಗಿಸಿದ ಹೊರಮೈಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಹೊಸದು ಹಾಕಿಸಿ. ಅದು ತುಂಡಾದರೆ ಹಾಯಿ ಒಂದು ಕಡೆ, ಬೋರ್ಡು ಇನ್ನೊಂದು ಕಡೆ.

ಬೋರ್ಡಿನ ಮೇಲೆ ಪುಟ್ಟದೊಂದು ಗಾಳಿತಿರುಪು ಇರುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಅದು ಮುಚ್ಚಿದ್ದರೆ ಒಳಗಿನ ಗಾಳಿ ಉಬ್ಬಿ ಪದರ ಬಿಟ್ಟುಕೊಳ್ಳಬಹುದು. ನೀರಿನಲ್ಲಿ ಅದು ತೆರೆದಿದ್ದರೆ ಬೋರ್ಡು ನೀರು ಕುಡಿಯುತ್ತದೆ. ಕಾರಿನಲ್ಲಿ ಸಡಿಲ, ನೀರಿಗೆ ಮುನ್ನ ಬಿಗಿ. ತಾನೇ ಉಸಿರಾಡುವ ತಿರುಪಿರುವ ಹೊಸ ಬೋರ್ಡುಗಳಿಗೆ ಈ ಚಿಂತೆಯಿಲ್ಲ.

ಇವುಗಳ ಜೊತೆಗೆ ತೇಲುವ ಜಾಕೆಟ್, ಕಾಲಿಗೆ ತೆಳು ರಬ್ಬರ್ ಬೂಟು, ಮೈಗೆ 2 ಮಿ.ಮೀ.ನ ಗಿಡ್ಡ ವೆಟ್‌ಸೂಟ್. ಬೂಟು ಬೇಡವೆನ್ನಬೇಡಿ. ಸ್ವಾನ್ ನದಿಯ ತಳದಲ್ಲಿ ಕಾಬ್ಲರ್ ಎಂಬ ಮುಳ್ಳುಮೀನಿದೆ, ಮುಳ್ಳಿಗೆ ವಿಷವಿದೆ. ಚುಚ್ಚಿದರೆ ಸಹಿಸಲಾಗುವಷ್ಟು ಬಿಸಿ ನೀರಿನಲ್ಲಿ, 45 ಡಿಗ್ರಿ ಮೀರದಂತೆ, ಕಾಲಿಟ್ಟು ಕೂತರೆ ನೋವು ಇಳಿಯುತ್ತದೆ. ಆಮೇಲೆ ವೈದ್ಯರಿಗೆ ತೋರಿಸಿ. ನಡೆಯುವಾಗ ಪಾದ ಎತ್ತಿಡದೆ ಮರಳಿನಲ್ಲಿ ಎಳೆದುಕೊಂಡು ಹೋದರೆ ತೊರಕೆ ಮೀನುಗಳು ಮೊದಲೇ ಸರಿದುಕೊಳ್ಳುತ್ತವೆ. ನದಿಯಲ್ಲೂ ಬುಲ್ ಶಾರ್ಕ್ ಇವೆ. ಇಳಿಯುವ ಮೊದಲು ಶಾರ್ಕ್‌ಸ್ಮಾರ್ಟ್ ಆ್ಯಪ್ ನೋಡುವುದು ಇಲ್ಲಿನವರ ರೂಢಿ.

ಕಂದು ಮೈಗೆ ಬಿಸಿಲು ತಾಗುವುದಿಲ್ಲ ಎಂಬ ನಂಬಿಕೆಯನ್ನು ಊರಲ್ಲೇ ಬಿಟ್ಟು ಬನ್ನಿ. ಜನವರಿಯ ನಡುಹಗಲು ಇಲ್ಲಿ ಯುವಿ ಸೂಚ್ಯಂಕ 11 ದಾಟುತ್ತದೆ. ಎಸ್‌ಪಿಎಫ್ 50ರ ಕ್ರೀಮನ್ನು 20 ನಿಮಿಷ ಮೊದಲೇ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ಅಂಗೈಗೆ ಮಾತ್ರ ತಾಗಿಸಬೇಡಿ, ಹಾಯಿಯನ್ನು ಹಿಡಿಯುವ ಅಡ್ಡಹಿಡಿ, ಅಂದರೆ ಬೂಮ್, ಜಾರುತ್ತದೆ.

ಹಾಯಿ ಕಟ್ಟುವುದು

ಹುಲ್ಲಿನ ಮೇಲೆ ಕಟ್ಟಿ, ಮರಳಿನ ಮೇಲೆ ಬೇಡ. ಮಾಸ್ಟ್ ಎರಡು ತುಂಡು. ಸೇರುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿ. ನಾಲ್ಕು ಕಾಳು ಮರಳು ಒಳಗೆ ಉಳಿದರೂ ಸಂಜೆ ಇಬ್ಬರು ಹಿಡಿದು ತಿರುಚಿದರೂ ಬಿಡುವುದಿಲ್ಲ. ಮಾಸ್ಟನ್ನು ಹಾಯಿಯ ಮುಂಭಾಗದ ಚೀಲದೊಳಗೆ ತುದಿಯವರೆಗೆ ತೂರಿಸಿ. ಹಾಯಿಯ ಮೇಲೆ ‘ಲಫ್’ ಎಂದು ಅಚ್ಚಾದ ಅಳತೆ ಇರುತ್ತದೆ, ಅದು ಮುಂಭಾಗದ ಅಂಚಿನ ಉದ್ದ, ಸೆಂ.ಮೀ.ನಲ್ಲಿ. ಲಫ್ 420, ಮಾಸ್ಟ್ 400 ಆದರೆ ಮಾಸ್ಟನ್ನು ಬುಡದಲ್ಲಿ ಉದ್ದ ಮಾಡುವ ತುಂಡನ್ನು, ಅಂದರೆ ಎಕ್ಸ್‌ಟೆನ್ಷನ್ ಅನ್ನು 20ಕ್ಕೆ ಇಡಬೇಕು.

ಬೂಮನ್ನು ಮಾಸ್ಟಿಗೆ ಕಚ್ಚಿಸಿ. ಎಲ್ಲ ಕಟ್ಟಿ ಬೋರ್ಡಿನ ಮೇಲೆ ನಿಲ್ಲಿಸಿದಾಗ ಅದು ಭುಜ ಮತ್ತು ಗಲ್ಲದ ನಡುವೆ ಬರಬೇಕು. ಈಗ ಬುಡದ ಹಗ್ಗ, ಅಂದರೆ ಡೌನ್‌ಹಾಲ್. ರಾಟೆಗಳ ಮೂಲಕ ಹಗ್ಗ ಒಂದರ ಮೇಲೊಂದು ಹೆಣೆದುಕೊಳ್ಳದಂತೆ ಪೋಣಿಸಿ, ಕಾಲು ಊರಿ, ಬೆನ್ನು ನೆಟ್ಟಗಿಟ್ಟು ಎಳೆಯಿರಿ. ಹೊಸಬರೆಲ್ಲ ಎಡವುವುದು ಇಲ್ಲೇ, ಸಾಕೆನಿಸಿದಲ್ಲಿಗೆ ನಿಲ್ಲಿಸುತ್ತಾರೆ. ಹಾಯಿಯ ಹಿಂಬದಿ ಅಂಚು ಮೇಲ್ಗಡೆ ತುಸು ಸಡಿಲವಾಗಿ ತೊನೆಯುವವರೆಗೆ ಎಳೆಯಬೇಕು. ಎಳೆತ ಕಡಿಮೆಯಾದರೆ ಹಾಯಿಯ ಹೊಟ್ಟೆ ಹಿಂದಕ್ಕೆ ಸರಿದು, ಪ್ರತಿ ಬೀಸಿಗೂ ಹಿಂಗೈಯನ್ನು, ಅಂದರೆ ಬೂಮ್ ಹಿಡಿದ ಎರಡು ಕೈಗಳಲ್ಲಿ ಹಿಂದಿನದನ್ನು, ಕೀಳುವಂತೆ ಎಳೆಯುತ್ತದೆ. ತಮಗೆ ಬಲವಿಲ್ಲ ಎಂದುಕೊಂಡು ಬೇಸರಪಡುವವರಲ್ಲಿ ಬಹಳ ಮಂದಿಯ ತೊಂದರೆ ಈ ಒಂದು ಹಗ್ಗದ್ದು. ಬೂಮಿನ ಹಿಂತುದಿಯ ಹಗ್ಗಕ್ಕೆ ಅಷ್ಟು ಬಲ ಬೇಡ. ಬಿಗಿಯಾದ ಮೇಲೆ ಇನ್ನೆರಡು-ಮೂರು ಸೆಂ.ಮೀ. ಸಾಕು.

ಒಯ್ಯುವಾಗ ಮಾಸ್ಟ್ ಯಾವಾಗಲೂ ಗಾಳಿ ಬರುವ ಕಡೆಗೆ. ಅಂಚು ಗಾಳಿಗೆ ಸಿಕ್ಕಿದರೆ ಹಾಯಿ ಗಾಳಿಪಟದಂತೆ ಮಗುಚಿ ಪಕ್ಕದವರಿಗೆ ಬಡಿಯುತ್ತದೆ. ಇದೇ ಕಾರಣಕ್ಕೆ ಕಟ್ಟಿದ ಹಾಯಿಯನ್ನು ದಡದಲ್ಲಿ ಹಾಗೇ ಬಿಟ್ಟು ಊಟಕ್ಕೆ ಹೋಗಬಾರದು, ಬೋರ್ಡಿನಿಂದ ಕಳಚಿ ಮಾಸ್ಟ್ ಗಾಳಿಗೆದುರಾಗಿ ಮಲಗಿಸಿ.

ನೀರಿನಲ್ಲಿ

ಸೊಂಟದಾಳಕ್ಕೆ ಹೋಗಿ ಡ್ಯಾಗರ್‌ಬೋರ್ಡ್ ಇಳಿಸಿ. ಬೋರ್ಡು ಗಾಳಿಗೆ ಅಡ್ಡವಾಗಿರಲಿ, ಹಾಯಿ ಗಾಳಿ ಹೋಗುವ ಕಡೆ ನೀರಿನ ಮೇಲೆ ಮಲಗಿರಲಿ, ಗಾಳಿ ನಿಮ್ಮ ಬೆನ್ನಿಗೆ ಬಡಿಯಲಿ. ಮೊದಲು ಮೊಣಕಾಲೂರಿ, ಆಮೇಲೆ ಮಾಸ್ಟಿನ ಬುಡದ ಆಚೆಗೊಂದು ಈಚೆಗೊಂದು ಪಾದವಿಟ್ಟು ನಿಲ್ಲಿ. ಎತ್ತುಹಗ್ಗ ಹಿಡಿದು ಕೈ ನೆಟ್ಟಗಿಟ್ಟು, ಮೊಣಕಾಲು ಬಗ್ಗಿಸಿ, ಮೈಯನ್ನು ಹಿಂದಕ್ಕೆ ವಾಲಿಸಿ. ಎಳೆಯಬೇಡಿ, ಕಾಯಿರಿ. ಹಾಯಿಯ ಮೇಲಿನ ನೀರು ಅಂಚಿನಿಂದ ಸುರಿದುಹೋಗಲು ಐದಾರು ಸೆಕೆಂಡು ಬೇಕು. ಆಮೇಲೆ ಅದೇ ಹಾಯಿ ಅರ್ಧಕ್ಕರ್ಧ ಹಗುರ. ಬಾವಿಯಿಂದ ನೀರು ಸೇದುವಂತೆ ಕೈ ಮೇಲೆ ಕೈ ಇಟ್ಟು ಹಗ್ಗ ಸೇದಿ, ಮಾಸ್ಟ್ ಕೈಗೆ ಬಂದಾಗ ಎರಡೂ ಕೈಯಿಂದ ಹಿಡಿಯಿರಿ.

ಈ ನಿಲುವು ನಿಮ್ಮ ತಂಗುದಾಣ. ಹಾಯಿ ಬಾವುಟದಂತೆ ಪಟಪಟಿಸುತ್ತಿರುತ್ತದೆ, ಬೋರ್ಡು ನಿಂತಿರುತ್ತದೆ. ಇಲ್ಲಿ ನಿಂತು ಉಸಿರಾಡಿ. ಮಾಸ್ಟನ್ನು ಬೋರ್ಡಿನ ಹಿಂಬದಿಗೆ ವಾಲಿಸಿದರೆ ಮೂತಿ ಗಾಳಿಯ ಕಡೆಗೆ ತಿರುಗುತ್ತದೆ, ಮುಂಬದಿಗೆ ವಾಲಿಸಿದರೆ ಗಾಳಿಯಿಂದ ಆಚೆಗೆ. ವಿಂಡ್‌ಸರ್ಫಿಂಗ್‌ನ ಚುಕ್ಕಾಣಿ ಇಷ್ಟೇ. ಸಣ್ಣ ಹೆಜ್ಜೆ ಇಡುತ್ತಾ ಬೋರ್ಡನ್ನು ಒಂದು ಪೂರ್ತಿ ಸುತ್ತು ತಿರುಗಿಸುವುದನ್ನು ಮೊದಲ ಅರ್ಧ ಗಂಟೆ ಕಲಿಯಿರಿ. ಇದನ್ನು ಬಿಟ್ಟು ಓಡಿಸಲು ಹೊರಟವರು ಹೋಗುತ್ತಾರೆ, ಬರುವುದಿಲ್ಲ.

ಹೊರಡಲು ಗಾಳಿಗೆ ನೇರ ಅಡ್ಡದಲ್ಲಿ ಗುರಿಯೊಂದನ್ನು ಆರಿಸಿ, ಒಂದು ಮರವೋ ಲಂಗರಿನ ದೋಣಿಯೋ ಆಗಬಹುದು. ಮುಂಗಾಲನ್ನು ಮಾಸ್ಟಿನ ಬುಡದ ಪಕ್ಕ, ಬೆರಳು ಮುಂದಕ್ಕೆ ತೋರುವಂತೆ ಇಡಿ. ಹಿಂಗಾಲು ಅದರ ಹಿಂದೆ ಭುಜದಗಲದಲ್ಲಿ, ನಟ್ಟನಡುವೆ. ಮುಂಗೈಯಿಂದ, ಅಂದರೆ ಬೋರ್ಡಿನ ಮೂತಿಯ ಕಡೆಗಿನ ಕೈಯಿಂದ, ಮಾಸ್ಟನ್ನು ಮೈ ಮುಂದೆ ಅಡ್ಡಲಾಗಿ ಎಳೆದುಕೊಳ್ಳಿ. ಹಾಯಿ ತೂಕವೇ ಇಲ್ಲದಂತೆ ನಿಲ್ಲುವ ಒಂದು ಬಿಂದು ಇದೆ, ಬೆರಳ ತುದಿಗೆ ಅದು ತಿಳಿಯುತ್ತದೆ. ಆಗ ಹಿಂಗೈಯನ್ನು ಬೂಮಿಗೆ, ಮುಂಗೈಯನ್ನೂ ಬೂಮಿಗೆ. ಹಿಂಗೈಯಿಂದ ಬಾಗಿಲು ಮುಚ್ಚುವಂತೆ ಮೆಲ್ಲಗೆ ಹಾಯಿಯನ್ನು ಒಳಗೆ ತನ್ನಿ. ಪಟಪಟ ಸದ್ದು ನಿಂತು ಬೋರ್ಡಿನ ಮೂತಿಯ ಕೆಳಗೆ ಗುಳುಗುಳು ಕೇಳಿಸಿತೆಂದರೆ ಸಾಗುತ್ತಿದ್ದೀರಿ. ಕಣ್ಣು ಗುರಿಯ ಮೇಲಿರಲಿ, ಕಾಲು ನೋಡಿದರೆ ಬೀಳುತ್ತೀರಿ.

ಬಿರುಬೀಸು ಬಂದಾಗ ಬಾಗಿಲು ತೆರೆಯುವಂತೆ ಹಿಂಗೈ ಸಡಿಲಿಸಿ. ಗಾಬರಿಯಲ್ಲಿ ಜನ ಬೂಮನ್ನು ಇನ್ನಷ್ಟು ಅಪ್ಪಿಕೊಳ್ಳುತ್ತಾರೆ, ಹಾಯಿ ಪೂರ್ತಿ ಗಾಳಿ ಹಿಡಿದು ಅವರನ್ನು ಮುಂದಕ್ಕೆ ಎಸೆಯುತ್ತದೆ. ಬೀಳುವುದೇ ಆದರೆ ಹಿಂದಕ್ಕೆ, ಅಂಗಾತ ಬೀಳಿ. ಹಾಯಿಯ ಕೆಳಗೆ ಸಿಕ್ಕರೆ ಕೈಯಿಂದ ಅದನ್ನು ಮೇಲೆತ್ತಿದರೆ ಉಸಿರಾಡಲು ಜಾಗವಾಗುತ್ತದೆ. ಒಂದೇ ದಿಕ್ಕಿಗೆ ಕೈಯಾಡಿಸುತ್ತಾ ಹೊರಬನ್ನಿ.

ಬೋರ್ಡು ತನ್ನಷ್ಟಕ್ಕೇ ಗಾಳಿಯ ಕಡೆ ತಿರುಗಿ ನಿಲ್ಲುತ್ತಿದ್ದರೆ ಮಾಸ್ಟ್ ಹಿಂದಕ್ಕೆ ವಾಲಿದೆ, ಮುಂಗೈ ಚಾಚಿ. ಸಾಗುತ್ತಿದ್ದರೂ ದಿನವಿಡೀ ಗಾಳಿ ತಳ್ಳುವ ಕಡೆಗೇ ಜಾರುತ್ತಿದ್ದರೆ ಡ್ಯಾಗರ್‌ಬೋರ್ಡ್ ಇಳಿದಿದೆಯೇ ನೋಡಿ. ಸೊಂಟ ನೋಯುತ್ತಿದ್ದರೆ ಪೃಷ್ಠ ಹಿಂದಕ್ಕೆ ಚಾಚಿ ಬಗ್ಗಿ ನಿಂತಿದ್ದೀರಿ. ಸೊಂಟ ಮುಂದಕ್ಕೆ ತಂದು ಮೈಭಾರವನ್ನೇ ಬೂಮಿಗೆ ನೇತುಹಾಕಿ. ಮೊಣಕೈ ಕೆಳಗಿನ ಸ್ನಾಯು ಗಟ್ಟಿಯಾಗಿ ಮುಷ್ಟಿ ತೆರೆಯದಂತಾದರೆ ದಡಕ್ಕೆ ಬನ್ನಿ, ಅದು ಹಟ ಮಾಡುವ ಹೊತ್ತಲ್ಲ.

ವಾಪಸಾಗಲು ಮಾಸ್ಟನ್ನು ಹಿಂದಕ್ಕೆ ವಾಲಿಸಿ. ಮೂತಿ ಗಾಳಿಗೆ ಎದುರಾಗುವಾಗ ಮಾಸ್ಟ್ ಹಿಡಿದು ಅದರ ಮುಂದಿನಿಂದ ಸಣ್ಣ ಹೆಜ್ಜೆಗಳಲ್ಲಿ ಆಚೆ ಬದಿಗೆ ಬಂದು, ಮತ್ತೆ ತಂಗುದಾಣದ ನಿಲುವಿನಿಂದ ಶುರು ಮಾಡಿ. ಎದುರಿಗೆ ಇನ್ನೊಂದು ಹಾಯಿ ಬಂದರೆ ಯಾರ ಬಲಗೈ ಮಾಸ್ಟಿನ ಕಡೆ ಇದೆಯೋ ಅವರಿಗೆ ದಾರಿ, ಇನ್ನೊಬ್ಬರು ಸರಿಯಬೇಕು. ಫೆರಿಗಳ ದಾರಿಯಿಂದ ದೂರವಿರಿ.

ಏನೂ ನಡೆಯದಿದ್ದರೆ ಬೋರ್ಡು ಬಿಟ್ಟು ಈಜಬೇಡಿ, ದಡ ಎಷ್ಟೇ ಹತ್ತಿರ ಕಂಡರೂ. ಹಾಯಿಯನ್ನು ಬೋರ್ಡಿನ ಹಿಂಬದಿಯ ಮೇಲೆ ಅಡ್ಡ ಎಳೆದುಕೊಂಡು ಬೋರಲು ಮಲಗಿ ಕೈಯಿಂದ ನೀರು ತಳ್ಳುತ್ತಾ ಬನ್ನಿ. ಸಹಾಯ ಬೇಕಾದರೆ ಎರಡೂ ಕೈ ಅಗಲಕ್ಕೆ ಚಾಚಿ ನಿಧಾನವಾಗಿ ಮೇಲೆ-ಕೆಳಗೆ ಆಡಿಸಿ, ಎಲ್ಲ ದೇಶದ ನಾವಿಕರಿಗೂ ಅದರ ಅರ್ಥ ಗೊತ್ತು. ದಡದಲ್ಲಿರುವವರು ಕರೆಯಬೇಕಾದ ಸಂಖ್ಯೆ 000.

ನೊರೆತಲೆಗಳು ಹೆಚ್ಚಾದ ಮೇಲೆ

ಎರಡೂವರೆ-ಮೂರರ ಹೊತ್ತಿಗೆ ನದಿ ಬೆಳ್ಳಗಾಗತೊಡಗುತ್ತದೆ. ನಿಮ್ಮ ಪಾಳಿ ಮುಗಿಯಿತು, ಪಳಗಿದವರ ಪಾಳಿ ಶುರು. ನೆರಳಿಗೆ ಬಂದು ಅವರನ್ನು ನೋಡುವುದು ಪಾಠದ ಅರ್ಧ ಭಾಗ. ಅವರ ತೋಳು ನೆಟ್ಟಗಿರುವುದನ್ನು, ಬೀಸು ಬಂದಾಗ ಹಿಂಗೈ ಎಷ್ಟು ಸ್ವಲ್ಪ ಸಡಿಲವಾಗುತ್ತದೆ ಎಂಬುದನ್ನು ಗಮನಿಸಿ. ಅವರಲ್ಲಿ ಕೆಲವರು ಜನವರಿಯಲ್ಲಿ ಲೆಡ್ಜ್ ಪಾಯಿಂಟ್‌ನಿಂದ ಲ್ಯಾನ್ಸೆಲಿನ್‌ವರೆಗಿನ ಸಮುದ್ರ ಪಂದ್ಯಕ್ಕೆ ಹೋಗುವವರೂ ಇರಬಹುದು.

ತಂಪುಪೆಟ್ಟಿಗೆಯಲ್ಲಿ ಮೊಸರನ್ನ, ಉಪ್ಪು-ಶುಂಠಿ ಹಾಕಿದ ಮಜ್ಜಿಗೆ ತಂದಿದ್ದರೆ ಈ ಹೊತ್ತಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಬೆವರಿನಲ್ಲಿ ಹೋದ ಉಪ್ಪು, ನೀರು ಎರಡೂ ಮರಳುತ್ತವೆ. ಹೊಟ್ಟೆ ತುಂಬ ಉಣ್ಣುವುದು ಈಗಲೇ, ಇಳಿಯುವ ಮೊದಲು ಎರಡು ಬಾಳೆಹಣ್ಣು ಸಾಕು.

ಮನೆಗೆ ಹೊರಡುವ ಮೊದಲು ಡೌನ್‌ಹಾಲ್ ಸಡಿಲಿಸುವುದು ಕೊನೆಗೆ, ಹಿಂತುದಿಯ ಹಗ್ಗ ಬಿಚ್ಚುವುದು ಮೊದಲು. ಕೀಲು, ರಾಟೆ, ಬೂಮಿನ ಕಚ್ಚುಹಿಡಿಗೆ ಸಿಹಿನೀರು ಹಾಯಿಸಿ. ಮಾಸ್ಟಿನ ಎರಡು ತುಂಡನ್ನು ಅಲ್ಲೇ ಬೇರ್ಪಡಿಸಿ. ಹಾಯಿಯನ್ನು ನೆರಳಿನಲ್ಲಿ ಒಣಗಿಸಿ, ಮೇಲ್ತುದಿಯಿಂದ ಸುತ್ತುತ್ತಾ ಬನ್ನಿ, ಮಡಿಸಬೇಡಿ. ಬೋರ್ಡನ್ನು ಕಾರಿಗೇರಿಸುವ ಮುನ್ನ ಗಾಳಿತಿರುಪು ಅರ್ಧ ಸುತ್ತು ಸಡಿಲಿಸಿ.